ಬಿಚ್ಚಿದ ಟರ್ಬೊ ಮತ್ತೆ ಕೂರಬೇಕೇ?

ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಏರಿಸುವ ಸಾಧನ, ಹೊತ್ತು ಬಂದಿತ್ತು. ಆಮೇಲೆ ಹಲವು ಕಾರುಗಳಿಂದ ಅದನ್ನು ಬಿಚ್ಚಿದರು. ಹಳೆಯ ಜೆಟ್‌ಫೈರ್ ಉಳಿಸಿಕೊಂಡವರು ಅದನ್ನು ಮತ್ತೆ ಕೂರಿಸಬೇಕೇ ಎಂಬುದೇ ಇಲ್ಲಿನ ವಾದ.

ಪರ

1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಿಂದ ಟರ್ಬೊ ಕಳಚಿದರೆ ಉಳಿಯುವುದು ಅದೇ ಕಂಪನಿಯ ಟರ್ಬೊ ಇಲ್ಲದ ಕಾರು, ಕಟ್ಲಾಸ್. ಅದೂ ಚೆಂದದ ಕಾರೇ, ಆದರೆ ಜೆಟ್‌ಫೈರ್ ಅಲ್ಲ.

215 ಘನ ಅಂಗುಲದ ಅಲ್ಯೂಮಿನಿಯಂ ವಿ8 ಎಂಜಿನ್, 215 ಅಶ್ವಶಕ್ತಿ. ಅಂಗುಲಕ್ಕೊಂದು ಕುದುರೆ! ಶಕ್ತಿ ಬೇಕಾದರೆ ಎಂಜಿನ್ ದೊಡ್ಡದು ಮಾಡು ಎನ್ನುತ್ತಿದ್ದ ಅಮೆರಿಕದ ಕಾರುಗಳ ಊರು ಡೆಟ್ರಾಯಿಟ್‌ನಲ್ಲಿ ಇದು ಸಣ್ಣ ಮಾತಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತಿ ಕುಗ್ಗಿಸುವ ಪ್ರಮಾಣ, 10.25:1. ಅಷ್ಟಿದ್ದೂ ಮೇಲಿಂದ ಬೂಸ್ಟ್ (ಟರ್ಬೊ ಒತ್ತುವ ಹೆಚ್ಚುವರಿ ಗಾಳಿ) ಕೊಟ್ಟರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ನಾಕ್ ಹೊಡೆಯುತ್ತದೆ. ಅದಕ್ಕೆ ಭಟ್ಟಿ ಇಳಿಸಿದ ನೀರಿಗೆ ಮೆಥನಾಲ್ ಬೆರೆಸಿ, ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂದು ಹೆಸರಿಟ್ಟು, ಬೂಸ್ಟ್ ಏರಿದಾಗ ಒಳಗೆ ಚಿಮ್ಮಿಸಿದರು. ಆ ದ್ರವ ಮುಗಿದರೆ ಇನ್ನೊಂದು ಕವಾಟ ತಾನಾಗಿ ಮುಚ್ಚಿಕೊಂಡು ಬೂಸ್ಟ್ ತಡೆಯುತ್ತಿತ್ತು. ಎಂಜಿನ್ ಉಳಿಯುತ್ತಿತ್ತು, ಕಾರು ಮಾತ್ರ ಮಂಕಾಗುತ್ತಿತ್ತು. ಮಾಲೀಕರು ಆ ದ್ರವದ ಟ್ಯಾಂಕ್ ತುಂಬಿಸದೆ ಟರ್ಬೊವನ್ನೇ ದೂರಿದ್ದು, ಕುಣಿಯಲಾರದವರು ನೆಲ ಡೊಂಕು ಎಂದ ಹಾಗಾಯಿತು.

ಇಂದು ಅಭಿಮಾನಿಗಳು ಕೊಂಡಾಡುವುದು 1987ರ ಕಪ್ಪು ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಅನ್ನು. ಟರ್ಬೊ ಕೂರಿಸಿದ 3.8 ಲೀಟರಿನ ವಿ6, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, 245 ಅಶ್ವಶಕ್ತಿ. ಕೊಂಡಾಡಲಿ, ಅದಕ್ಕೆ ಆ ಯೋಗ್ಯತೆ ಇದೆ. ಆದರೆ ಅದೇ ಜನರಲ್ ಮೋಟಾರ್ಸ್ ಮನೆಯಲ್ಲಿ ಇಪ್ಪತ್ತೈದು ವರ್ಷ ಮೊದಲೇ ಈ ದಾರಿ ತುಳಿದ ಕಾರನ್ನು ಟರ್ಬೊ ಇಲ್ಲದೆ ನಿಲ್ಲಿಸಿದರೆ ನೋಡುವವರಿಗೆ ಏನು ತಿಳಿದೀತು? ಎಲ್ಲಿಂದಲಾದರೂ ಹುಡುಕಿ ತಂದು ಕೂರಿಸಿ.

ವಿರೋಧ

ಟರ್ಬೊ ಬಿಚ್ಚಿಸಿದ್ದು ಯಾರು? ಕಂಪನಿಯೇ. 1965ರಲ್ಲಿ ಪುಕ್ಕಟೆಯಾಗಿ ಬಿಚ್ಚಿ, ನಾಲ್ಕು ಬ್ಯಾರೆಲ್‌ನ (ಗಾಳಿ ಹೋಗುವ ನಾಲ್ಕು ದಾರಿಯ) ಕಾರ್ಬ್ಯುರೇಟರ್ ಹಾಕಿಕೊಡುತ್ತೇವೆ ಎಂದಿತು. ಅದೂ ಆ ಕಾರಿನ ಬದುಕಿನಲ್ಲಿ ನಡೆದದ್ದೇ. ಅಳಿಸುವುದು ಏಕೆ?

ಮಾಲೀಕರನ್ನು ದೂರುವುದೂ ನ್ಯಾಯವಲ್ಲ. ಪೆಟ್ರೋಲ್, ಆಯಿಲ್ ನೋಡಿಕೊಂಡರೆ ಸಾಕು ಎಂದುಕೊಂಡವರ ಕೈಗೆ ಮೂರನೆಯದೊಂದು ದ್ರವ ಕೊಟ್ಟವರದು ತಪ್ಪು. ಅದೇ 1962ರ ಇನ್ನೊಂದು ಟರ್ಬೊ ಕಾರು, ಷೆವರ್ಲೆ ಕೊರ್ವೇರ್ ಮೊಂಜಾ ಸ್ಪೈಡರ್ ನೋಡಿ: ಕಂಪ್ರೆಷನ್ 8:1ಕ್ಕೆ ಇಳಿಸಿಕೊಂಡಿತು, ಯಾವ ದ್ರವವೂ ಬೇಕಾಗಲಿಲ್ಲ. 150 ಅಶ್ವಶಕ್ತಿಗೇ ತೃಪ್ತಿಪಟ್ಟಿತು, 1966ರವರೆಗೂ ಕೊರ್ವೇರ್‌ನಲ್ಲಿ ಟರ್ಬೊ ಉಳಿಯಿತು. ಜೆಟ್‌ಫೈರ್ ಎರಡೇ ವರ್ಷಕ್ಕೆ ನಿಂತಿತು.

ನನ್ನ ನಿಜವಾದ ಸಂಕಟ ಬಿಡಿಭಾಗಗಳದ್ದು. ತಯಾರಾದ ಜೆಟ್‌ಫೈರ್‌ಗಳು ಹತ್ತು ಸಾವಿರ ದಾಟಲಿಲ್ಲ. ಒಂದನ್ನು ಪೂರ್ತಿ ಮಾಡಲು ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಕಾರ್ಬ್ಯುರೇಟರ್‌ನಲ್ಲೇ ಓಡುತ್ತಿರುವುದು ಓಡಲಿ. ಸೀಟುಗಳ ನಡುವಿನ ಬೂಸ್ಟ್ ಮಾಪಕವನ್ನು ಮಾತ್ರ ಕೀಳಬೇಡಿ. ಮುಳ್ಳು ಅಲುಗದಿದ್ದರೂ ಪಕ್ಕದಲ್ಲಿ ಕೂತವರು ಅದೇನೆಂದು ಕೇಳುತ್ತಾರೆ, ಆಗ ಎಲ್ಲ ಕಥೆ ಹೇಳಬಹುದು.