ಪಟ್ಟಿ ಎತ್ತಿದವರು ಲೆಕ್ಕವನ್ನೂ ಓದಲಿ

ಕಲಬುರಗಿಯ ಕಪಡಾ ಬಜಾರದಲ್ಲಿ ನಮ್ಮ ತಂದೆಯ ಅರಿವೆ ಅಂಗಡಿ ಇತ್ತು. ರಾತ್ರಿ ಕಾವಲಿನ ಗೂರ್ಖಾನಿಗೆ, ದೀಪಕ್ಕೆ, ಹಬ್ಬದ ಅಲಂಕಾರಕ್ಕೆ ತಿಂಗಳಿಗೊಮ್ಮೆ ಪಟ್ಟಿ, ಅಂದರೆ ವಂತಿಗೆ, ಎತ್ತುತ್ತಿದ್ದರು. ಕೆಂಪು ರಟ್ಟಿನ ವಹಿಯಲ್ಲಿ ಕೊಟ್ಟವರ ಹೆಸರೆಲ್ಲ ಇರುತ್ತಿತ್ತು, ಖರ್ಚಿನ ಪುಟವನ್ನು ಮಾತ್ರ ನಾನು ಕಂಡಿಲ್ಲ. ಒಮ್ಮೆ ಕ್ಯಾಮೆರಾ ಹಾಕಿಸಲೆಂದು ಪಟ್ಟಿ ಎದ್ದಿತು. ಕಂಬಕ್ಕೊಂದು ಡಬ್ಬಿ ಬಂತು. ಅದರಿಂದ ಒಂದು ಚಿತ್ರವೂ ಬರಲಿಲ್ಲ. ಕೇಳಹೋದರೆ ಪಕ್ಕದ ಅಂಗಡಿಯ ಕಾಕಾ ತಡೆದರು: "ಲೆಕ್ಕ ಕೇಳಬೇಡಪ್ಪ, ನಂಬಿಕೆಯಿಲ್ಲ ಎಂದಂತಾಗುತ್ತದೆ."

ಈಗ ನಾನು ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಬಾಡಿಗೆ ಮಳಿಗೆ ಹಿಡಿದು ಮಸಾಲೆ ಸಾಮಾನು ಮಾರುತ್ತೇನೆ. ಇಲ್ಲಿಯೂ ಪಟ್ಟಿಯಿದೆ, ವ್ಯಾಪಾರ ಅಭಿವೃದ್ಧಿ ವಲಯ ಎಂಬ ದೊಡ್ಡ ಹೆಸರಿನಲ್ಲಿ: ಒಂದು ಪೇಟೆಯವರೆಲ್ಲ ಹಣ ಕೂಡಿಸಿ ಆ ಪೇಟೆಯ ಅಂದಚಂದ, ಪ್ರಚಾರ ನೋಡಿಕೊಳ್ಳುವ ಏರ್ಪಾಟು. ಮಾಲ್‌ಗಳು ಗಿರಾಕಿಗಳನ್ನು ಸೆಳೆದೊಯ್ಯುತ್ತಿದ್ದಾಗ, 1970ರಲ್ಲಿ, ಟೊರೊಂಟೊದ ಬ್ಲೂರ್ ವೆಸ್ಟ್ ವಿಲೇಜ್‌ನ ಅಂಗಡಿಕಾರರು ಜಗತ್ತಿನಲ್ಲೇ ಮೊದಲು ಇಂಥದ್ದನ್ನು ಕಟ್ಟಿಕೊಂಡರು. ವಲಯದ ಮಂಡಳಿಯವರು ಅಂಗಡಿಯಿಂದ ಅಂಗಡಿಗೆ ಹೋಗಿ ಹಣ ಎತ್ತುವುದಿಲ್ಲ. ಪಾಲಿಕೆಯೇ ಆಸ್ತಿ ತೆರಿಗೆಯ ಜೊತೆ ವಸೂಲು ಮಾಡಿ ಕೊಡುತ್ತದೆ. ಬಜೆಟ್ಟಿಗೆ ಪಾಲಿಕೆಯ ಒಪ್ಪಿಗೆ ಬೇಕು, ಪಾಲಿಕೆಯ ಲೆಕ್ಕಪರಿಶೋಧಕರೇ ವಹಿ ನೋಡುತ್ತಾರೆ. ಹ್ಯಾಮಿಲ್ಟನ್ ಇರುವ ಒಂಟಾರಿಯೊ ಪ್ರಾಂತ್ಯದ ಕಾನೂನಿನಲ್ಲಿ ಬಾಡಿಗೆದಾರನೂ ಸದಸ್ಯ; ಹತ್ತು ಕಟ್ಟಡಗಳ ಒಡೆಯನಿಗೂ ನನಗೂ ಒಂದೊಂದೇ ಮತ. ಕಳೆದ ಸಭೆಯಲ್ಲಿ ಹೂಕುಂಡಗಳ ಖರ್ಚಿನ ಮೇಲೆ ಮುಕ್ಕಾಲು ಗಂಟೆ ಜಗಳವಾಯಿತು. ಆಕಳಿಸಿದೆ, ಆದರೂ ಎದ್ದು ಬರಲಿಲ್ಲ. ಲೆಕ್ಕಕ್ಕಾಗಿ ಜಗಳವಾಡುವುದನ್ನು ನೋಡುವ ಸುಖ ನನಗೆ ಹೊಸದು.

ಹಾಗೆಂದು ಈ ವಲಯವನ್ನು ಇದ್ದಂತೆಯೇ ನಮ್ಮೂರಿಗೆ ಹೊತ್ತೊಯ್ಯಿರಿ ಎನ್ನಲಾರೆ. ಇಲ್ಲಿ ಶಟರ್ ಇದ್ದವರಿಗಷ್ಟೇ ಮತ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸಂಜೆಯ ವ್ಯಾಪಾರ ಎಷ್ಟು ಅಂಗಡಿಯೊಳಗೆ, ಎಷ್ಟು ಬಾಳೆಹಣ್ಣಿನ ಗಾಡಿಯ ಮೇಲೆ ಎಂಬುದು ಅಲ್ಲಿ ಓಡಾಡಿದವರಿಗೆ ಗೊತ್ತು. ಅಂಗಡಿಕಾರರಷ್ಟೇ ಮಂಡಳಿಯಲ್ಲಿ ಕುಳಿತರೆ ಮೊದಲ ಠರಾವೇ ಗಾಡಿಗಳನ್ನು ಎತ್ತಿಸುವುದು. ಸುಳ್ಳೇಕೆ, ನಮ್ಮ ತಂದೆಯೂ ಅದಕ್ಕೆ ಕೈಯೆತ್ತುತ್ತಿದ್ದರು. ಭಾರತದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳನ್ನು ಬೀದಿ ವ್ಯಾಪಾರಿಗಳಿಗೇ ಇಟ್ಟಿದೆ. ಕಾಗದದ ಮೇಲಾದರೂ ಇದರಲ್ಲಿ ನಾವೇ ಮುಂದೆ.

ಆದ್ದರಿಂದ ಹ್ಯಾಮಿಲ್ಟನ್‌ನಿಂದ ನಾನು ತರಬಯಸುವುದು ಇಷ್ಟೇ: ಕೊಟ್ಟ ಹಣಕ್ಕೆ ಪಾಲಿಕೆಯ ರಸೀದಿ, ವರ್ಷಕ್ಕೊಮ್ಮೆ ಗಾಡಿಯವರನ್ನೂ ಕೂರಿಸಿಕೊಂಡು ಖರ್ಚಿನ ಪುಟವನ್ನು ಗಟ್ಟಿಯಾಗಿ ಓದುವುದು. ಹೋದ ಸಲ ಊರಿಗೆ ಬಂದಾಗ ಕಾಕಾರಿಗೆ ಇದನ್ನೇ ಹೇಳಿದೆ. ಅವರು ಕಂಬದ ಕಡೆ ತಲೆಯೆತ್ತಿ, "ಆ ಡಬ್ಬಿಯಲ್ಲಿ ಗುಬ್ಬಿ ಗೂಡು ಕಟ್ಟಿದೆ, ನೋಡಿದೆಯಾ?" ಎಂದರು.