ನಡುಮನೆಯ ಮೂರು ದೀಪ

ಸಾಗರದ ಕಡೆಯ ನಮ್ಮ ಮನೆಯನ್ನು ಅಜ್ಜ ಕಟ್ಟಿಸಿದ್ದು 1962ರಲ್ಲಿ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಹೊರಗೆ ಮರ ಬಿದ್ದರೂ ಒಳಗೆ ಮಲಗಿದವರಿಗೆ ಗೊತ್ತಾಗುವುದಿಲ್ಲ ಅಂತ ಅಪ್ಪನಿಗೆ ಹೆಮ್ಮೆ. ನಾನು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿಂದ ಬಂದ ದಿನ ಆ ಗೋಡೆಯ ಇನ್ನೊಂದು ಗುಣ ಗೊತ್ತಾಯಿತು. ಜಗುಲಿಯಲ್ಲಿ ವೈಫೈ ತುಂಬಿ ತುಳುಕುತ್ತದೆ. ನಡುಮನೆಗೆ ಬಂದರೆ ಅರ್ಧ. ಹಿಂದಿನ ಕೋಣೆಯಲ್ಲಿ ಸೊನ್ನೆ.

ಆ ಹಿಂದಿನ ಕೋಣೆಯೇ ನನ್ನ ಆಫೀಸು.

"ಒಂದು ವೈರ್ ಎಳೆದ್ರೆ ಮುಗೀತು ಸಾರ್" ಎಂದ ಫೈಬರ್ ಹಾಕಲು ಬಂದ ಹುಡುಗ. ಅವನಿಗೇನು ಗೊತ್ತು? ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಅಪ್ಪನ ಅಪ್ಪಣೆ ಬೇಕಾದ ಮನೆ ಇದು. ಹಂಚಿನ ಮೇಲಿಂದ ಹಾಯಿಸೋಣವೆಂದರೆ ಮಂಗಗಳಿವೆ. ಟಿವಿ ಡಿಶ್ಶಿನ ವೈರನ್ನು ಅವು ಜೋಕಾಲಿ ಮಾಡಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಅಟ್ಟದ ಮೇಲೆ ಇಲಿ. ವೈರಿನ ಮಾತು ಅಲ್ಲಿಗೇ ನಿಂತಿತು.

ಮೊದಲು ರೌಟರ್ ಇಟ್ಟ ಜಾಗ ನೋಡಿದೆ. ಟಿವಿ ಸ್ಟ್ಯಾಂಡಿನ ಕೆಳಗೆ, ಕಬ್ಬಿಣದ ಬೀರುವಿನ ಹಿಂದೆ, ನೆಲಕ್ಕೆ ತಾಗಿಕೊಂಡು ಕೂತಿತ್ತು. ಚೆಂದ ಕಾಣುವುದಿಲ್ಲ ಅಂತ ಅಮ್ಮ ಅದಕ್ಕೊಂದು ಕ್ರೋಶಾ ಬಟ್ಟೆ ಬೇರೆ ಹೊದಿಸಿದ್ದರು. ಬಟ್ಟೆಯಿಂದ ತೊಂದರೆಯಿಲ್ಲ, ಶೆಕೆ ಒಂದು ಬಿಟ್ಟರೆ. ಕಬ್ಬಿಣದ್ದೇ ಕಷ್ಟ. ಅದು ಅಲೆಯನ್ನು ವಾಪಸ್ ಕಳಿಸುತ್ತದೆ. ರೌಟರನ್ನು ಬಾಗಿಲ ಮೇಲಿನ ಹಲಗೆಗೆ ಏರಿಸಿದೆ. ಎರಡು ಆಂಟೆನಾಗಳನ್ನೂ ಬಂದೂಕಿನ ಹಾಗೆ ನನ್ನ ಕೋಣೆಯ ಕಡೆಗೆ ಗುರಿಯಿಟ್ಟು ತಿರುಗಿಸಿದೆ. ನಡುಮನೆಯಲ್ಲಿದ್ದ ಅರ್ಧ ಸಿಗ್ನಲ್ಲೂ ಹೋಯಿತು. ಆಮೇಲೆ ತಿಳಿಯಿತು, ಆಂಟೆನಾದ ತುದಿಯಿಂದ ಏನೂ ಹೊರಡುವುದಿಲ್ಲ. ಅದು ನೆಟ್ಟಗೆ ನಿಂತರೆ ಸಿಗ್ನಲ್ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ. ನಾನು ದೋಸೆಯನ್ನು ಗೋಡೆಗೆ ಹೊಯ್ಯುತ್ತಿದ್ದೆ.

ರಜೆಗೆ ಬಂದ ತಮ್ಮ ಅಡುಗೆ ಮನೆಯಿಂದ ದೊಡ್ಡ ಸ್ಟೀಲ್ ಹರಿವಾಣ ತಂದು ರೌಟರಿನ ಹಿಂದೆ ನಿಲ್ಲಿಸಿದ. ನಗಬೇಡಿ, ಇದರಿಂದ ನಿಜವಾಗಿಯೂ ಒಂದಿಷ್ಟು ಉಪಯೋಗವಾಯಿತು. ಜಗುಲಿಯ ಕಡೆ ಹೋಗುತ್ತಿದ್ದುದು ನಡುಮನೆಯ ಕಡೆ ತಿರುಗಿತು. ಹತ್ತೇ ನಿಮಿಷದಲ್ಲಿ ಜಗುಲಿಯಿಂದ ಅಪ್ಪನ ದನಿ: "ಯಾರೋ ಅದು, ಮ್ಯಾಚ್ ನಿಲ್ಲಿಸಿದ್ದು?" ಹರಿವಾಣ ಅಡುಗೆ ಮನೆಗೆ ವಾಪಸಾಯಿತು.

ನಮ್ಮ ರೌಟರ್ ಎರಡು ವೈಫೈ ಹೆಸರು ತೋರಿಸುತ್ತದೆ, 2.4 ಗಿಗಾಹರ್ಟ್ಜ್ ಅಲೆಯದು ಒಂದು, 5ರದು ಇನ್ನೊಂದು. ನಾನು ದೊಡ್ಡ ನಂಬರ್ ಜಾಸ್ತಿ ಒಳ್ಳೆಯದೆಂದು 5ಕ್ಕೇ ಅಂಟಿಕೊಂಡಿದ್ದೆ. ಅದು ವೇಗದ್ದು ಹೌದು, ಆದರೆ ಜಗುಲಿಯಲ್ಲೇ ಚಹಾ ಕುಡಿದು ಹೊರಡುವ ನೆಂಟ. ಒಳಗೆ ಬರುವುದಿಲ್ಲ. 2.4 ಹಾಗಲ್ಲ, ನಿಧಾನವಾದರೂ ಗೋಡೆ ದಾಟಿ ಅಡುಗೆ ಮನೆಯವರೆಗೆ ಬಂದು ಎಲ್ಲರನ್ನೂ ಮಾತಾಡಿಸುತ್ತದೆ. ಈ 2.4 ಗಿಗಾಹರ್ಟ್ಜ್ ಅಲೆಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದೆಂದು ನಮ್ಮ ಸರ್ಕಾರ ಹೇಳಿದ್ದೇ 2005ರಲ್ಲಿ. ಅಜ್ಜನನ್ನು ಬೈದು ಏನು ಪ್ರಯೋಜನ?

ಕೊನೆಗೆ ರಿಪೀಟರ್ ತರಿಸಿದೆ, ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವಂಥದ್ದು. ಅಂಗೈಯಗಲದ ಬಿಳಿ ಡಬ್ಬಿ, ಸೀದಾ ಪ್ಲಗ್ಗಿಗೆ ಸಿಕ್ಕಿಸುವುದು. ಸಿಗ್ನಲ್ ಬೇಕಾಗಿದ್ದು ನನ್ನ ಕೋಣೆಯಲ್ಲಿ, ಹಾಗಾಗಿ ನನ್ನ ಕೋಣೆಯಲ್ಲೇ ಸಿಕ್ಕಿಸಿದೆ. ಫೋನಿನಲ್ಲಿ ಗೆರೆಯೆಲ್ಲ ತುಂಬಿತು, ಒಂದು ಪುಟವೂ ತೆರೆಯಲಿಲ್ಲ. ಡಬ್ಬಿ ಕೆಟ್ಟದ್ದೆಂದು ವಾಪಸ್ ಕಳಿಸಲು ಹೊರಟಿದ್ದೆ.

ಅಷ್ಟರಲ್ಲಿ ಊಟದ ಹೊತ್ತಾಯಿತು. ಅಪ್ಪ ತೋಟದಲ್ಲಿದ್ದರು. ಅಮ್ಮ ಅಡುಗೆ ಮನೆ ಬಾಗಿಲಲ್ಲಿ ನಿಂತು ಕೂಗಿದರು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಚಿಕ್ಕಮ್ಮ ಅದನ್ನು ಕೇಳಿಸಿಕೊಂಡು, ತೋಟದ ಕಡೆ ತಿರುಗಿ "ಊಟಕ್ಕೆ ಬರ್ಬೇಕಂತೇ..." ಎಂದು ಕೂಗಿದರು. ಕೆಳಗಿನಿಂದ ಅಪ್ಪ ಓಗೊಟ್ಟರು. ದಿನವೂ ನಡೆಯುವುದೇ. ಚಿಕ್ಕಮ್ಮ ಅಂಗಳದಲ್ಲಿದ್ದರೆ ಸರಿ. ಅವರೂ ತೋಟಕ್ಕಿಳಿದು ಅಪ್ಪನ ಪಕ್ಕ ನಿಂತರೆ ಅಮ್ಮನ ಕೂಗು ಅವರಿಗೇ ಕೇಳುವುದಿಲ್ಲ, ಇನ್ನು ಅಪ್ಪನಿಗೆ ಏನನ್ನು ದಾಟಿಸುತ್ತಾರೆ? ನಾನು ರಿಪೀಟರನ್ನು ತೋಟಕ್ಕೆ ಇಳಿಸಿದ್ದೆ. ನನ್ನ ಫೋನಿಗೆ ಕಾಣುತ್ತಿದ್ದುದು ಡಬ್ಬಿಯ ದನಿ, ಡಬ್ಬಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

ಇನ್ನೊಂದೂ ಆಗಲೇ ಹೊಳೆಯಿತು. ಚಿಕ್ಕಮ್ಮ ಕೇಳಿಸಿಕೊಳ್ಳುವಾಗ ಕೂಗಲಾರರು, ಕೂಗುವಾಗ ಕೇಳಿಸಿಕೊಳ್ಳಲಾರರು. ಅಗ್ಗದ ರಿಪೀಟರಿನದೂ ಇದೇ ಕತೆ, ಒಂದೇ ಅಲೆಯಲ್ಲಿ ಎರಡೂ ಕೆಲಸ. ಅದಕ್ಕೇ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಮೆಶ್ ಅಂತ ಇದೆ, ಎರಡು ಮೂರು ಡಬ್ಬಿಗಳ ಸೆಟ್ಟು, ಮನೆಗೆಲ್ಲ ಒಂದೇ ಹೆಸರು. ಚೆನ್ನಾಗಿಯೇ ಇರುತ್ತದೆ. ದುಡ್ಡು ಜಾಸ್ತಿ. ಕರೆಂಟಿನ ವೈರಿನಲ್ಲೇ ಇಂಟರ್‌ನೆಟ್ ಹರಿಸುವ ಅಡಾಪ್ಟರೂ ಇದೆ, ಆದರೆ ನಮ್ಮ ಮನೆಯ ವೈರಿಂಗ್ ನೋಡಿದವರು ಆ ಮಾತೆತ್ತುವುದಿಲ್ಲ.

ಹಾಗಾದರೆ ನಮ್ಮ ಮನೆಯ ಅಂಗಳ ಯಾವುದು? ಫೋನ್ ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ನೋಡಿದೆ. ಸಿಗ್ನಲ್ ಅರ್ಧ ಉಳಿದಿರುವ, ಹತ್ತಿರದಲ್ಲಿ ಪ್ಲಗ್ ಇರುವ ಜಾಗ ಇಡೀ ನಡುಮನೆಯಲ್ಲಿ ಒಂದೇ. ದೇವರ ಕೋಣೆಯ ಬಾಗಿಲ ಪಕ್ಕ. ಆ ಪ್ಲಗ್ಗಿನಲ್ಲಿ ದೇವರ ಫೋಟೋದ ಸೀರಿಯಲ್ ಸೆಟ್ಟು ಇತ್ತು.

ಅಮ್ಮನಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಕೊನೆಗೆ ಎಕ್ಸ್‌ಟೆನ್ಶನ್ ಬೋರ್ಡ್ ತಂದು, ದೇವರದು ದೇವರಿಗೇ ಇರುತ್ತದೆ ಎಂದು ಒಪ್ಪಿಸಿದೆ. ಅಮ್ಮ ಡಬ್ಬಿಯನ್ನು ಮೇಲೆ ಕೆಳಗೆ ನೋಡಿದರು.

"ದೀಪ ಉರಿಯುತ್ತಾ ಇದಕ್ಕೆ?"

"ಮೂರು ಉರಿಯುತ್ತೆ. ಹಸಿರು."

"ಹಾಗಾದ್ರೆ ಇರ್ಲಿ ಬಿಡು."

ಈಗ ಹಿಂದಿನ ಕೋಣೆಯಲ್ಲಿ ಮೀಟಿಂಗ್ ನಡೆಯುತ್ತದೆ. ಒಂದು ಕಿರಿಕಿರಿ ಉಳಿದಿದೆ. ಜಗುಲಿಯಿಂದ ಒಳಗೆ ಬಂದರೂ ಫೋನು ಹಳೇ ಸಂಬಂಧ ಬಿಡುವುದಿಲ್ಲ, ಸಾಯುತ್ತಿರುವ ಸಿಗ್ನಲನ್ನೇ ಹಿಡಿದುಕೊಂಡಿರುತ್ತದೆ. ವೈಫೈ ಒಮ್ಮೆ ಆರಿಸಿ ಹಾಕಬೇಕು.

ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಮ್ಮ ಆ ಮೂರು ಹಸಿರನ್ನೂ ನೋಡಿಯೇ ಅಡುಗೆ ಮನೆಗೆ ಹೋಗುವುದು. ಮೊನ್ನೆ ಮೀಟಿಂಗಿನ ಮಧ್ಯೆ ಎಲ್ಲರ ಮುಖವೂ ಒಮ್ಮೆಗೇ ನಿಂತುಬಿಟ್ಟಿತು. ಏನಾಯಿತು ಎಂದು ನಾನು ಏಳುವ ಮೊದಲೇ ಅಡುಗೆ ಮನೆಯಿಂದ, ಎರಡು ಜಂಬಿಟ್ಟಿಗೆ ಗೋಡೆ ದಾಟಿ, ಸ್ಪಷ್ಟವಾಗಿ ಕೇಳಿಸಿತು:

"ನಡುವಿನ ದೀಪ ಆರಿದೆ ಕಣೋ!"