ಒಲವಿನ ಪದ್ಯದಲ್ಲಿ ಸಾವಿಗೇನು ಕೆಲಸ?

ನಮ್ಮ ರಸಶಾಸ್ತ್ರ ಈ ವಿಷಯದಲ್ಲಿ ಕಟ್ಟುನಿಟ್ಟು. ಅಗಲಿದವರು ಮತ್ತೆ ಸೇರುವ ಆಸೆ ಉಳಿದಿದ್ದರೆ ವಿಪ್ರಲಂಭ ಶೃಂಗಾರ. ಒಬ್ಬರು ಸತ್ತು ಆ ಆಸೆಯೇ ಕಡಿದುಹೋದರೆ ಕರುಣ, ಅಂದರೆ ಶೋಕದ ರಸ. ಈ ಗೆರೆ ಹಿಡಿದುಕೊಂಡೇ ಇಂಗ್ಲಿಷ್ ಪದ್ಯಕ್ಕೆ ಕೈಹಾಕಿದರೆ ಎಡವುತ್ತೇವೆ. ಇಲ್ಲಿ ಇಂಗ್ಲೆಂಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳಿಕೊಡುವಾಗಲೂ, ಗೋರಿಯ ಮಾತು ಬಂದ ಕೂಡಲೇ ‘ದುಃಖದ ಪದ್ಯ’ ಎಂದು ಮುಗಿಸಿಬಿಡುತ್ತೇವೆ.

ಇಂಗ್ಲಿಷ್ ಕವಿ ಆಂಡ್ರ್ಯೂ ಮಾರ್ವೆಲ್‌ನ ‘ಟು ಹಿಸ್ ಕಾಯ್ ಮಿಸ್ಟ್ರೆಸ್’ ನೋಡಿ. ಒಲಿಯಲು ಹಿಂಜರಿಯುವ ನಲ್ಲೆಗೆ ನಲ್ಲ ಹೇಳುವ ಮಾತು ಅದು. ಅಚ್ಚಾದದ್ದು 1681ರಲ್ಲಿ, ಅವನು ತೀರಿಕೊಂಡು ಮೂರು ವರ್ಷಕ್ಕೆ. ಒಟ್ಟು 46 ಸಾಲು. ಮೊದಲ 20 ‘ಕಾಲ ಬೇಕಾದಷ್ಟಿದ್ದಿದ್ದರೆ’ ಎನ್ನುವ ಭಾಗ: ನೀನು ಗಂಗೆಯ ದಡದಲ್ಲಿ ಮಾಣಿಕ್ಯ ಆಯುತ್ತಿರಬಹುದಿತ್ತು, ನಾನು ಇಂಗ್ಲೆಂಡಿನ ಹಂಬರ್ ನದಿಯ ಪಕ್ಕ ಗೋಳಾಡುತ್ತಿರಬಹುದಿತ್ತು, ಕಣ್ಣು, ಹಣೆ ಹೊಗಳಲು 100 ವರ್ಷ, ಒಂದೊಂದು ಮೊಲೆಗೆ 200, ಉಳಿದದ್ದಕ್ಕೆಲ್ಲ 30,000. ಆಮೇಲಿನ 12 ಸಾಲು ‘ಆದರೆ’: ಬೆನ್ನ ಹಿಂದೆ ಕಾಲರಥದ ಸದ್ದು, ಗೋರಿ, ಹುಳು. ಕೊನೆಯ 14 ‘ಆದ್ದರಿಂದ ಈಗಲೇ ಬಾ’. ಅಪ್ಪಟ ತರ್ಕಶಾಸ್ತ್ರದ ವರಸೆ ಇದು. ಸಾವು ಅದರ ಹೇತು, ಅಂದರೆ ವಾದಕ್ಕೆ ಕೊಡುವ ಕಾರಣ. ಓದುವ ಮೊದಲು ಈ ಮೂರು ಕೀಲುಗಳಿಗೆ ಪೆನ್ಸಿಲಿನ ಗುರುತು ಹಾಕಿಕೊಳ್ಳಬೇಕು. ಮೊದಲ ಭಾಗದ ಲೆಕ್ಕವನ್ನು ನಗುನಗುತ್ತ ಗಟ್ಟಿಯಾಗಿ ಓದದಿದ್ದರೆ, 21ನೆಯ ಸಾಲಿನ ‘ಆದರೆ’ಗೆ ಬೆನ್ನು ತಣ್ಣಗಾಗುವುದಿಲ್ಲ.

ಅದೇ ಹೇತುವನ್ನು ಹಿಡಿದು ಅಕ್ಕಮಹಾದೇವಿ ಎದುರು ದಿಕ್ಕಿಗೆ ನಡೆದಳು. ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ’ ಒಲಿದವಳು, ಸಾಯುವ ಕೆಡುವ ಗಂಡಂದಿರನ್ನು ಒಯ್ದು ಒಲೆಗಿಕ್ಕು ಎಂದಳು. ಮೈ ಸಾಯುತ್ತದೆ, ಬೇಗ ಅಪ್ಪಿಕೋ ಎನ್ನುತ್ತಾನೆ ಮಾರ್ವೆಲ್; ಮೈ ಸಾಯುತ್ತದೆ, ಬಿಡು ಎನ್ನುತ್ತಾಳೆ ಅಕ್ಕ. ನನಗೆ ಅಕ್ಕನ ವಾದವೇ ಗಟ್ಟಿ. ಸೂರ್ಯನನ್ನು ನಿಲ್ಲಿಸಲಾರೆವು, ಓಡಿಸೋಣ ಎಂದು ಮುಗಿಸುವ ಮಾರ್ವೆಲ್ ಸೋಲನ್ನು ಒಪ್ಪಿಕೊಂಡೇ ಕರೆಯುತ್ತಿದ್ದಾನೆ.

ಇಂಗ್ಲಿಷ್ ಕವಿ ಥಾಮಸ್ ಹಾರ್ಡಿಯ ‘ದಿ ವಾಯ್ಸ್’ (ದನಿ) ಎದುರು ಮಾತ್ರ ನಮ್ಮ ಗೆರೆಯೇ ಅಳಿಸಿಹೋಗುತ್ತದೆ. ಹೆಂಡತಿ ಎಮ್ಮಾ 1912ರ ನವೆಂಬರ್ 27ರಂದು ತೀರಿಕೊಂಡಳು. ಒಂದೇ ಮನೆಯಲ್ಲಿದ್ದೂ ಇಬ್ಬರೂ ವರ್ಷಗಟ್ಟಲೆ ದೂರವಾಗಿದ್ದರು. ಒಲವು ಮರಳಿದ್ದು ಅವಳು ಹೋದ ಮೇಲೆ. ಸತ್ತವಳ ಕರೆಗೆ ಅವನು ಆಸೆಯಿಂದ ಕಿವಿಗೊಡುತ್ತಾನೆ. ಕರುಣವೆಂದರೆ ಆಸೆ ಅಡ್ಡ ಬರುತ್ತದೆ, ವಿಪ್ರಲಂಭವೆಂದರೆ ಸಾವು. ನಾಲ್ಕು ಚರಣಗಳಲ್ಲಿ ಮೊದಲ ಮೂರು ತೂಗುವ ಲಯದಲ್ಲಿವೆ. ಕನ್ನಡಕ್ಕೆ ತರುವವರು ಮೂರು ಮಾತ್ರೆಯ ಗಣ ಹಿಡಿಯಬಹುದು. ನಾಲ್ಕನೆಯದನ್ನೂ ಹಾಡುವಂತೆ ಹೊಂದಿಸಿದರೆ ಪದ್ಯ ಕೆಟ್ಟಿತು. ಅಲ್ಲಿ ಮುದುಕ ಮುಗ್ಗರಿಸುತ್ತಾನೆ, ಸಾಲು ಮೊಟಕಾಗುತ್ತದೆ, ಗಣ ಮುರಿಯಲೇಬೇಕು. ಎಲೆ ಉದುರುತ್ತಿದೆ, ಮುಳ್ಳುಗಿಡದ ಸಂದಿನಿಂದ ಬಡಗಣ ಗಾಳಿ ಸಣ್ಣಗೆ ಒಸರುತ್ತಿದೆ, ಅವಳಿನ್ನೂ ಕರೆಯುತ್ತಿದ್ದಾಳೆ.